ಯಾವ ಔಷಧಕ್ಕೆ ಮಣಿಯುತ್ತದೆ, ಯಾವುದಕ್ಕೆ ಇಲ್ಲ: ಕ್ಷಯದ ಔಷಧ ನಿರೋಧಕತೆ ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಕಫದಲ್ಲಿ ಕ್ಷಯದ ರೋಗಾಣು ಕಂಡಿತು ಎಂಬ ವರದಿ ಬಂದಾಗ ಪ್ರಯೋಗಾಲಯದ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ. ಆ ರೋಗಾಣು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗದೆ ಬೆಳೆಯುತ್ತದೆ ಎಂದು ತಿಳಿಯದೆ ಕೊಡುವ ಚಿಕಿತ್ಸೆ ಊಹೆಯ ಮೇಲೆ ನಿಂತಿರುತ್ತದೆ. ಊಹೆ ತಪ್ಪಿದರೆ ರೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾನೆ, ಅಡ್ಡಪರಿಣಾಮಗಳನ್ನೆಲ್ಲ ಅನುಭವಿಸುತ್ತಾನೆ, ಆದರೂ ಗುಣವಾಗುವುದಿಲ್ಲ. ಜೊತೆಗೆ ಕೆಮ್ಮಿದಾಗಲೆಲ್ಲ ನಿರೋಧಕ ತಳಿಯನ್ನು ಸುತ್ತಲಿನವರಿಗೆ ದಾಟಿಸುತ್ತಿರುತ್ತಾನೆ.

ಈ ಬರಹ ಕ್ಷಯದ ಲ್ಯಾಬ್‌ಗೆ ಹೊಸದಾಗಿ ಸೇರಿದ ತಂತ್ರಜ್ಞರಿಗಾಗಿ, ಮಾದರಿ ಕಳುಹಿಸಿ ವರದಿ ಓದುವ ಕಿರಿಯ ವೈದ್ಯರಿಗಾಗಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಪ್ರತಿಯೊಂದು ಪರೀಕ್ಷೆಯೂ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ರಿಫಾಂಪಿಸಿನ್ ಬಗ್ಗೆ ಕೇಳಿದ ಪರೀಕ್ಷೆ ಐಸೋನಿಯಾಜಿಡ್ ಬಗ್ಗೆ ಏನನ್ನೂ ಹೇಳಿರುವುದಿಲ್ಲ. ‘ನಿರೋಧಕತೆ ಪತ್ತೆಯಾಗಿಲ್ಲ’ ಎಂಬ ಸಾಲನ್ನು ‘ಎಲ್ಲ ಔಷಧಗಳೂ ಕೆಲಸ ಮಾಡುತ್ತವೆ’ ಎಂದು ಓದಿಕೊಳ್ಳುವುದು ಈ ಕ್ಷೇತ್ರದ ಅತ್ಯಂತ ದುಬಾರಿ ತಪ್ಪು.

ನಿರೋಧಕತೆ ಎಲ್ಲಿಂದ ಬರುತ್ತದೆ

ರೋಗಾಣು ಔಷಧಕ್ಕೆ ‘ಒಗ್ಗಿಕೊಳ್ಳುತ್ತದೆ’ ಎಂಬ ಮಾತು ರೂಢಿಯಲ್ಲಿದೆ, ಆದರೆ ನಡೆಯುವುದು ಬೇರೆ. ರೋಗಾಣು ವಿಭಜನೆಯಾಗುವಾಗ ಅದರ ಜೀನ್‌ಗಳಲ್ಲಿ ಆಕಸ್ಮಿಕ ರೂಪಾಂತರಗಳು ಆಗುತ್ತಲೇ ಇರುತ್ತವೆ. ಸುಮಾರು ಹತ್ತು ಲಕ್ಷ ರೋಗಾಣುಗಳಲ್ಲಿ ಒಂದು ಐಸೋನಿಯಾಜಿಡ್‌ಗೆ, ಸುಮಾರು ಹತ್ತು ಕೋಟಿಯಲ್ಲಿ ಒಂದು ರಿಫಾಂಪಿಸಿನ್‌ಗೆ ಹುಟ್ಟಿನಿಂದಲೇ ನಿರೋಧಕವಾಗಿರಬಹುದು. ಶ್ವಾಸಕೋಶದಲ್ಲಿ ಗುಳಿ ಬಿದ್ದ ರೋಗಿಯೊಳಗೆ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ. ಒಂದೇ ಔಷಧ ಕೊಟ್ಟರೆ ಮಣಿಯುವವೆಲ್ಲ ಸತ್ತು, ಮಣಿಯದ ಆ ಕೆಲವೇ ರೋಗಾಣುಗಳು ಇಡೀ ಜಾಗವನ್ನು ಆಕ್ರಮಿಸುತ್ತವೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್ ಎಂಬ ನಾಲ್ಕನ್ನು ಒಟ್ಟಿಗೆ ಕೊಡುವುದರ ಹಿಂದಿನ ಲೆಕ್ಕ ಇದೇ.

ಇನ್ನೊಂದು ದಾರಿಯೂ ಇದೆ. ನಿರೋಧಕ ತಳಿಯೇ ಗಾಳಿಯ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ. ಆದ್ದರಿಂದ ಹಿಂದೆಂದೂ ಕ್ಷಯದ ಒಂದು ಮಾತ್ರೆಯನ್ನೂ ನುಂಗದವರಲ್ಲಿ ಕೂಡ ಬಹುಔಷಧ ನಿರೋಧಕ ಕ್ಷಯ ಇರಬಹುದು. ‘ಇದು ಹೊಸ ಕೇಸು, ಪರೀಕ್ಷೆ ಬೇಕಿಲ್ಲ’ ಎನ್ನುವ ಹಳೆಯ ಲೆಕ್ಕಾಚಾರಕ್ಕೆ ಈಗ ಜಾಗವಿಲ್ಲ.

ವರದಿಗಳಲ್ಲಿ ಬರುವ ಹೆಸರುಗಳನ್ನು ನೆನಪಿಡಿ. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಮಣಿಯದಿದ್ದರೆ ಎಂಡಿಆರ್, ಅಂದರೆ ಬಹುಔಷಧ ನಿರೋಧಕ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವ್ಯಾಖ್ಯಾನದಂತೆ, ಎಂಡಿಆರ್ ಅಥವಾ ರಿಫಾಂಪಿಸಿನ್ ನಿರೋಧಕ ತಳಿ ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್‌ನಂಥ ಫ್ಲೋರೋಕ್ವಿನೊಲೋನ್‌ಗೂ ಮಣಿಯದಿದ್ದರೆ ಪ್ರೀ-ಎಕ್ಸ್‌ಡಿಆರ್. ಅದರ ಮೇಲೆ ಬೆಡಾಕ್ವಿಲಿನ್ ಅಥವಾ ಲೈನೆಝೋಲಿಡ್‌ಗೂ ಮಣಿಯದಿದ್ದರೆ ಎಕ್ಸ್‌ಡಿಆರ್.

ಹೆಜ್ಜೆ 1: ಏನನ್ನು ಕೇಳಬೇಕೆಂದು ಮೊದಲು ನಿರ್ಧರಿಸಿ

ಎಲ್ಲರಿಗೂ ಕೇಳಬೇಕಾದ ಮೊದಲ ಪ್ರಶ್ನೆ ರಿಫಾಂಪಿಸಿನ್‌ನದು. ಚಿಕಿತ್ಸೆಯ ಬೆನ್ನೆಲುಬು ಅದೇ ಎನ್ನುವುದು ಒಂದು ಕಾರಣ. ಈ ನಿರೋಧಕತೆಗೆ ಕಾರಣವಾಗುವ ರೂಪಾಂತರಗಳಲ್ಲಿ ಶೇಕಡ 95ರಷ್ಟು ಆರ್‌ಪಿಒ-ಬಿ ಜೀನ್‌ನ 81 ಅಕ್ಷರಗಳ ಒಂದು ಪುಟ್ಟ ತುಂಡಿನಲ್ಲೇ ಸಿಗುತ್ತವೆ ಎನ್ನುವುದು ಇನ್ನೊಂದು. ಅಷ್ಟು ಚಿಕ್ಕ ಜಾಗವನ್ನು ಯಂತ್ರ ಎರಡು ಗಂಟೆಯೊಳಗೆ ಓದಿ ಮುಗಿಸುತ್ತದೆ.

ಎರಡನೆಯ ಪ್ರಶ್ನೆ ಮೊದಲನೆಯದರ ಉತ್ತರವನ್ನು ಅವಲಂಬಿಸಿದೆ. ರಿಫಾಂಪಿಸಿನ್‌ಗೆ ಮಣಿಯುತ್ತದೆ ಎಂದಾದರೆ ಐಸೋನಿಯಾಜಿಡ್ ಬಗ್ಗೆ ಕೇಳಿ. ಮಣಿಯುವುದಿಲ್ಲ ಎಂದಾದರೆ ಫ್ಲೋರೋಕ್ವಿನೊಲೋನ್ ಬಗ್ಗೆ ತಡಮಾಡದೆ ಕೇಳಿ. ಬೆಡಾಕ್ವಿಲಿನ್ ಮತ್ತು ಲೈನೆಝೋಲಿಡ್ ಪರೀಕ್ಷೆಗೆ ಕಲ್ಚರ್ (ರೋಗಾಣುವನ್ನು ಮಾಧ್ಯಮದಲ್ಲಿ ಬೆಳೆಸುವುದು) ಹಚ್ಚಿ. ಬೆಡಾಕ್ವಿಲಿನ್, ಪ್ರೆಟೋಮನಿಡ್, ಲೈನೆಝೋಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಚಿಕಿತ್ಸೆ ಈಗ ಬಳಕೆಯಲ್ಲಿರುವುದರಿಂದ, ಈ ಔಷಧಗಳ ಪರೀಕ್ಷೆ ಮಾಡದೆ ಕೈಕಟ್ಟಿ ಕೂರುವುದು ಅವುಗಳನ್ನೂ ಕಳೆದುಕೊಳ್ಳುವ ದಾರಿ.

ಮಾದರಿಯ ಜೊತೆಗಿನ ನಮೂನೆಯಲ್ಲಿ ಮೂರು ಸಂಗತಿಗಳು ಇರಲೇಬೇಕು: ಹಿಂದೆ ಕ್ಷಯದ ಚಿಕಿತ್ಸೆ ಆಗಿತ್ತೇ, ಮನೆಯಲ್ಲಿ ಅಥವಾ ಹತ್ತಿರದವರಲ್ಲಿ ನಿರೋಧಕ ಕ್ಷಯ ಇದೆಯೇ, ಈಗ ಚಿಕಿತ್ಸೆಯ ಎಷ್ಟನೆಯ ತಿಂಗಳು. ವಯಸ್ಸು, ಲಿಂಗ ಮಾತ್ರ ತುಂಬಿ ಕಳುಹಿಸಿದ ನಮೂನೆ ಬಂದರೆ ಫೋನ್ ಮಾಡಿ ಕೇಳಿ. ಫಲಿತಾಂಶವನ್ನು ಅರ್ಥೈಸುವಾಗ ಈ ಮೂರೂ ಬೇಕಾಗುತ್ತವೆ.

ಹೆಜ್ಜೆ 2: ಕಫ ಸರಿಯಾಗಿರಲಿ

ಲಕ್ಷಾಂತರ ಬೆಲೆಯ ಯಂತ್ರಕ್ಕೂ ಜೊಲ್ಲಿನಲ್ಲಿ ರೋಗಾಣು ಸಿಗುವುದಿಲ್ಲ. ರೋಗಿ ಬಾಯಿಯನ್ನು ನೀರಿನಿಂದ ಮುಕ್ಕಳಿಸಿ, ಎರಡು ಮೂರು ಬಾರಿ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, 3ರಿಂದ 5 ಮಿಲಿಲೀಟರ್. ಗಟ್ಟಿಯಾಗಿ, ಹಳದಿಯಾಗಿ, ಕೀವಿನಂತೆ ಇರುವ ಮಾದರಿ ಒಳ್ಳೆಯದು. ಬೆಳಿಗ್ಗೆ ಎದ್ದ ಕೂಡಲೇ ತೆಗೆದದ್ದು ಇನ್ನೂ ಒಳ್ಳೆಯದು. ಕಫ ತೆಗೆಯುವ ಜಾಗ ತೆರೆದ ಗಾಳಿಯಲ್ಲಿರಲಿ, ಬೇರೆಯವರಿಂದ ದೂರವಿರಲಿ. ಇದನ್ನು ರೋಗಿಗೆ ಸಮಾಧಾನವಾಗಿ ವಿವರಿಸಲು ಐದು ನಿಮಿಷ ಕೊಟ್ಟರೆ ಮುಂದಿನ ಎಷ್ಟೋ ‘ಅನಿರ್ಣೀತ’ ಫಲಿತಾಂಶಗಳು ತಪ್ಪುತ್ತವೆ.

ಎರಡು ಮಾದರಿ ಪಡೆಯಿರಿ: ಒಂದು ರೋಗಾಣುವಿನ ಜೀನ್ ಓದುವ ತಕ್ಷಣದ ಆಣ್ವಿಕ ಪರೀಕ್ಷೆಗೆ, ಇನ್ನೊಂದು ಕಲ್ಚರ್‌ಗೆ. ಸಾಧ್ಯವಾದರೆ ಮೊದಲ ಮಾತ್ರೆ ನುಂಗುವ ಮುನ್ನವೇ ಪಡೆಯಿರಿ. ಚಿಕಿತ್ಸೆ ಆರಂಭವಾದ ಮೇಲೆ ಬದುಕಿರುವ ರೋಗಾಣುಗಳ ಸಂಖ್ಯೆ ಬೇಗನೆ ಇಳಿಯುವುದರಿಂದ ಕಲ್ಚರ್ ಬೆಳೆಯದೇ ಹೋಗಬಹುದು. ಡಬ್ಬಿಯ ಮೈಮೇಲೆ ಹೆಸರು, ಗುರುತು ಸಂಖ್ಯೆ, ದಿನಾಂಕ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಅದು ಅದಲುಬದಲಾಗುತ್ತದೆ. ಮೂರು ಪದರದ ಪ್ಯಾಕಿಂಗ್‌ನಲ್ಲಿ, 2ರಿಂದ 8 ಡಿಗ್ರಿ ತಂಪಿನಲ್ಲಿ ಸಾಗಿಸಿ.

ಶ್ವಾಸಕೋಶದ ಹೊರಗಿನ ಕ್ಷಯದಲ್ಲಿ ಗಂಟು ಅಥವಾ ಅಂಗಾಂಶದ ತುಣುಕನ್ನು ಸ್ಟೆರೈಲ್ ಸಲೈನ್‌ನಲ್ಲಿ ಹಾಕಿ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅಭ್ಯಾಸಬಲದಿಂದ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸಾಯುತ್ತದೆ, ಕಲ್ಚರ್ ಅವಕಾಶ ಅಲ್ಲಿಗೇ ಮುಗಿಯಿತು. ಅಂಥ ತುಣುಕನ್ನು ಮತ್ತೆ ಪಡೆಯಲು ರೋಗಿಯನ್ನು ಇನ್ನೊಮ್ಮೆ ಕೊಯ್ಯಬೇಕಾಗುತ್ತದೆ.

ಹೆಜ್ಜೆ 3: ಮೊದಲು ನಿಮ್ಮ ಉಸಿರನ್ನು ಕಾಪಾಡಿಕೊಳ್ಳಿ

ಅಪಾಯ ಇರುವುದು ಕಣ್ಣಿಗೆ ಕಾಣದ ತುಂತುರಿನಲ್ಲಿ. ಕಲ್ಚರ್ ಟ್ಯೂಬ್‌ನೊಳಗೆ ರೋಗಾಣು ಕಫದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಆದ್ದರಿಂದ ಕಲ್ಚರ್ ಮತ್ತು ಔಷಧ ಪರೀಕ್ಷೆಯ ಕೊಠಡಿಯಲ್ಲಿ ಋಣ ಒತ್ತಡದ ಗಾಳಿ ವ್ಯವಸ್ಥೆ, ಪ್ರಮಾಣೀಕರಿಸಿದ ಬಯೋಸೇಫ್ಟಿ ಕ್ಯಾಬಿನೆಟ್, ಮುಖಕ್ಕೆ ಸರಿಯಾಗಿ ಕೂರುವ ಎನ್‌95 ಮಾಸ್ಕ್ ಇರಲೇಬೇಕು. ವೋರ್ಟೆಕ್ಸ್ ಮಾಡಿದ (ಯಂತ್ರದಲ್ಲಿ ಜೋರಾಗಿ ಅಲುಗಿಸಿದ) ಟ್ಯೂಬನ್ನು ಕೂಡಲೇ ತೆರೆಯಬೇಡಿ, ತುಂತುರು ಇಳಿಯಲು ಹತ್ತು ನಿಮಿಷವಾದರೂ ಬಿಡಿ. ಸೆಂಟ್ರಿಫ್ಯೂಜ್‌ನ ಬಕೆಟ್‌ಗಳ ಮುಚ್ಚಳವನ್ನು ಕ್ಯಾಬಿನೆಟ್‌ನೊಳಗೆ ತಂದ ಮೇಲೆಯೇ ತೆಗೆಯಿರಿ. ಮೇಜು ಒರೆಸಲು ಶೇಕಡ 5ರ ಫೀನಾಲ್, ಅನಂತರ ಶೇಕಡ 70ರ ಆಲ್ಕೋಹಾಲ್. ಕ್ಯಾಬಿನೆಟ್‌ನ ಗಾಳಿಯ ಹರಿವು ಸರಿಯಿಲ್ಲದ ದಿನ ಕೆಲಸ ನಿಲ್ಲಿಸಿ. ವರದಿ ಒಂದು ದಿನ ತಡವಾದರೂ ಚಿಂತೆಯಿಲ್ಲ, ನಿರೋಧಕ ತಳಿ ತಂತ್ರಜ್ಞನ ಶ್ವಾಸಕೋಶಕ್ಕೆ ಹೋಗಬಾರದು.

ಹೆಜ್ಜೆ 4: ತ್ವರಿತ ಆಣ್ವಿಕ ಪರೀಕ್ಷೆ

ಸೂಕ್ಷ್ಮದರ್ಶಕಕ್ಕೆ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಿರಬೇಕು. ಕಂಡರೂ ಮಣಿಯುವ ರೋಗಾಣು, ನಿರೋಧಕ ರೋಗಾಣು ಎರಡೂ ಅಲ್ಲಿ ಒಂದೇ ಕೆಂಪು ಕೋಲು. ಹೀಗಾಗಿ ಮೊದಲ ಪರೀಕ್ಷೆಯಾಗಿ ಆಣ್ವಿಕ ಪರೀಕ್ಷೆಯನ್ನೇ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಎಕ್ಸ್‌ಪರ್ಟ್ ಎಂಟಿಬಿ/ರಿಫ್ ಪರೀಕ್ಷೆಯನ್ನು, 2017ರಲ್ಲಿ ಅದಕ್ಕಿಂತ ಸೂಕ್ಷ್ಮವಾದ ಅಲ್ಟ್ರಾವನ್ನು, 2020ರಲ್ಲಿ ಬ್ಯಾಟರಿಯ ಮೇಲೂ ನಡೆಯುವ ಚಿಪ್ ಆಧಾರಿತ ಟ್ರೂನ್ಯಾಟನ್ನು ಅನುಮೋದಿಸಿತು.

ಎಕ್ಸ್‌ಪರ್ಟ್‌ನ ಕ್ರಮ ಸರಳ. ಒಂದು ಪಾಲು ಕಫಕ್ಕೆ ಎರಡು ಪಾಲು ಸ್ಯಾಂಪಲ್ ರಿಯೇಜೆಂಟ್ ಸೇರಿಸಿ ಚೆನ್ನಾಗಿ ಅಲುಗಾಡಿಸಿ. ಹತ್ತು ನಿಮಿಷ ಬಿಡಿ, ಮತ್ತೆ ಅಲುಗಾಡಿಸಿ ಇನ್ನೈದು ನಿಮಿಷ ಬಿಡಿ. ಮಿಶ್ರಣ ನೀರಿನಂತೆ ಹರಿಯಬೇಕು. ಇನ್ನೂ ಎಳೆ ಎಳೆಯಾಗಿದ್ದರೆ ಕಾರ್ಟ್ರಿಜ್ ಒಳಗೆ ಒತ್ತಡದ ದೋಷ ಬರುತ್ತದೆ. 2 ಮಿಲಿಲೀಟರ್ ಕಾರ್ಟ್ರಿಜ್‌ಗೆ ಹಾಕಿ ಯಂತ್ರಕ್ಕೆ ಕೊಡಿ. ‘ಎರರ್’, ‘ಇನ್‌ವ್ಯಾಲಿಡ್’ ಎಂದು ಬಂದರೆ ಅದನ್ನು ಫಲಿತಾಂಶವೆಂದು ಬರೆಯದೆ ಹೊಸ ಕಾರ್ಟ್ರಿಜ್‌ನಲ್ಲಿ ಪುನಃ ಮಾಡಿ.

ಓದುವ ಕೆಲಸಕ್ಕೆ ಹೆಚ್ಚು ಎಚ್ಚರ ಬೇಕು. ಅಲ್ಟ್ರಾದಲ್ಲಿ ‘ಟ್ರೇಸ್’ ಎಂದು ಬಂದರೆ ರೋಗಾಣುವಿನ ಸುಳಿವು ಅತ್ಯಲ್ಪವಾಗಿ ಸಿಕ್ಕಿದೆ, ರಿಫಾಂಪಿಸಿನ್ ಬಗ್ಗೆ ಹೇಳಲು ಸಾಲದು ಎಂದರ್ಥ. ಮಕ್ಕಳಲ್ಲಿ, ಎಚ್‌ಐವಿ ಇರುವವರಲ್ಲಿ, ಶ್ವಾಸಕೋಶದ ಹೊರಗಿನ ಮಾದರಿಗಳಲ್ಲಿ ಟ್ರೇಸನ್ನು ಕ್ಷಯವೆಂದೇ ಪರಿಗಣಿಸುತ್ತಾರೆ. ಕೆಲವೇ ವರ್ಷಗಳ ಹಿಂದೆ ಚಿಕಿತ್ಸೆ ಮುಗಿಸಿದ ವಯಸ್ಕರಲ್ಲಿ ಅದು ಸತ್ತ ರೋಗಾಣುವಿನ ಹಳೆಯ ಡಿಎನ್‌ಎ ಆಗಿರಬಹುದು. ಎರಡೂ ಸಂದರ್ಭದಲ್ಲಿ ನಿರೋಧಕತೆಯ ಪ್ರಶ್ನೆ ಉತ್ತರವಿಲ್ಲದೆ ಉಳಿದಿದೆ, ಹೊಸ ಮಾದರಿ ಬೇಕು.

‘ರಿಫಾಂಪಿಸಿನ್ ನಿರೋಧಕತೆ ಪತ್ತೆಯಾಗಿದೆ’ ಎಂದು ಬಂದಾಗ ಒಂದು ಲೆಕ್ಕ ಹಾಕಿ ನೋಡಿ. ಯಾವುದೋ ಗುಂಪಿನ 1,000 ಹೊಸ ರೋಗಿಗಳಲ್ಲಿ 20 ಮಂದಿಗೆ ನಿಜವಾಗಿ ನಿರೋಧಕತೆ ಇದೆ ಎಂದುಕೊಳ್ಳೋಣ. ಪರೀಕ್ಷೆ 100 ನಿರೋಧಕರಲ್ಲಿ 95 ಮಂದಿಯನ್ನು ಹಿಡಿಯುತ್ತದೆ, ನಿರೋಧಕತೆ ಇಲ್ಲದ 100 ಮಂದಿಯಲ್ಲಿ 98 ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎಂದುಕೊಂಡರೆ, ನಿಜವಾದ 19 ಮಂದಿ ಸಿಗುತ್ತಾರೆ. ಉಳಿದ 980ರಲ್ಲಿ ಸುಮಾರು 20 ಮಂದಿಗೆ ತಪ್ಪಾಗಿ ‘ನಿರೋಧಕ’ ಎಂಬ ಹಣೆಪಟ್ಟಿ ಬೀಳುತ್ತದೆ. ಅಂದರೆ ಅರ್ಧಕ್ಕರ್ಧ ತಪ್ಪು! ಪರೀಕ್ಷೆ ಕೆಟ್ಟದ್ದೆಂದು ಇದರ ಅರ್ಥವಲ್ಲ, ಅಪರೂಪದ್ದನ್ನು ಹುಡುಕುವಾಗ ಹೀಗೇ ಆಗುತ್ತದೆ. ಆದ್ದರಿಂದ ಹಿಂದಿನ ಚಿಕಿತ್ಸೆಯೂ ಇಲ್ಲದ, ನಿರೋಧಕ ರೋಗಿಯ ಸಂಪರ್ಕವೂ ಇಲ್ಲದ ವ್ಯಕ್ತಿಯಲ್ಲಿ ಈ ಫಲಿತಾಂಶ ಬಂದರೆ ಹೊಸ ಕಫದ ಮೇಲೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ರೋಗಾಣುಗಳು ತೀರ ಕಡಿಮೆಯಿದ್ದ ಮಾದರಿಯಾಗಿದ್ದರೆ ಖಂಡಿತ ಮಾಡಿ. ಅಪಾಯದ ಹಿನ್ನೆಲೆ ಇರುವವರಲ್ಲಿ ಕಾಯಬೇಕಿಲ್ಲ, ಚಿಕಿತ್ಸೆ ಬದಲಿಸಿ ಮುಂದಿನ ಪರೀಕ್ಷೆಗಳಿಗೆ ಹೋಗಿ. ನಮೂನೆಯಲ್ಲಿ ಆ ಮೂರು ಸಂಗತಿಗಳನ್ನು ಕೇಳಿದ್ದು ಇದಕ್ಕಾಗಿಯೇ.

ಹೆಜ್ಜೆ 5: ಐಸೋನಿಯಾಜಿಡ್ ಮತ್ತು ಫ್ಲೋರೋಕ್ವಿನೊಲೋನ್

ಇಲ್ಲಿ ಎರಡು ದಾರಿಗಳಿವೆ. ಎಕ್ಸ್‌ಪರ್ಟ್ ಎಂಟಿಬಿ/ಎಕ್ಸ್‌ಡಿಆರ್ ಕಾರ್ಟ್ರಿಜ್ ಸುಮಾರು 90 ನಿಮಿಷದಲ್ಲಿ ಐಸೋನಿಯಾಜಿಡ್, ಫ್ಲೋರೋಕ್ವಿನೊಲೋನ್, ಇಥಿಯೋನಮೈಡ್, ಅಮಿಕಾಸಿನ್ ಬಗ್ಗೆ ಹೇಳುತ್ತದೆ. ಎಕ್ಸ್‌ಡಿಆರ್ ಎಂಬ ಹೆಸರಿದ್ದರೂ ಬೆಡಾಕ್ವಿಲಿನ್, ಲೈನೆಝೋಲಿಡ್ ಅದರ ವ್ಯಾಪ್ತಿಯಲ್ಲಿಲ್ಲ.

ಇನ್ನೊಂದು, ಲೈನ್ ಪ್ರೋಬ್ ಅಸ್ಸೇ, ಚಿಕ್ಕದಾಗಿ ಎಲ್‌ಪಿಎ. ಡಿಎನ್‌ಎ ಹೊರತೆಗೆದು, ಪಿಸಿಆರ್‌ನಲ್ಲಿ ವೃದ್ಧಿಸಿ, ಪ್ರೋಬ್‌ಗಳು (ನಿರ್ದಿಷ್ಟ ಡಿಎನ್‌ಎಗೆ ಮಾತ್ರ ಹೊಂದುವ ತುಣುಕುಗಳು) ಅಂಟಿರುವ ಪಟ್ಟಿಯ ಮೇಲೆ ಹಾಯಿಸಿದರೆ ಹೊಂದಿಕೆಯಾದ ಜಾಗದಲ್ಲಿ ಗೆರೆ ಮೂಡುತ್ತದೆ. ರಿಯೇಜೆಂಟ್ ಸಿದ್ಧಪಡಿಸುವ ಕೊಠಡಿ, ಡಿಎನ್‌ಎ ಸೇರಿಸುವ ಕೊಠಡಿ, ವೃದ್ಧಿಸಿದ ಡಿಎನ್‌ಎಯನ್ನು ಪಟ್ಟಿಗೆ ಹಾಯಿಸುವ ಕೊಠಡಿ ಬೇರೆ ಬೇರೆ ಇರಬೇಕು, ನಡಿಗೆ ಒಂದೇ ದಿಕ್ಕಿನಲ್ಲಿರಬೇಕು. ವೃದ್ಧಿಸಿದ ಡಿಎನ್‌ಎ ಮೊದಲ ಕೊಠಡಿಗೆ ಒಮ್ಮೆ ಹೊಕ್ಕರೆ ನೆಗೆಟಿವ್ ಕಂಟ್ರೋಲ್ ಕೂಡ ಪಾಸಿಟಿವ್ ಆಗತೊಡಗುತ್ತದೆ. ಅಂಥ ಬ್ಯಾಚ್‌ನ ಒಂದೇ ಒಂದು ವರದಿಯನ್ನೂ ಹೊರಬಿಡಬಾರದು.

ಪಟ್ಟಿಯನ್ನು ಓದುವ ಕ್ರಮ ಹೀಗಿರಲಿ. ಮೊದಲು ಕಂಟ್ರೋಲ್ ಗೆರೆಗಳನ್ನೂ ಕ್ಷಯದ ಗುರುತಿನ ಗೆರೆಯನ್ನೂ ನೋಡಿ. ಅನಂತರ ಪ್ರತಿ ಜೀನ್‌ನ ಲೋಕಸ್ ಗೆರೆ, ಅಂದರೆ ಆ ಜೀನ್ ವೃದ್ಧಿಯಾಗಿದೆ ಎಂದು ತೋರಿಸುವ ಗೆರೆ. ಅದು ಮೂಡದಿದ್ದರೆ ಆ ಜೀನ್ ಬಗ್ಗೆ ಏನನ್ನೂ ಬರೆಯಬೇಡಿ. ಆಮೇಲೆ ಸಹಜ ಜೀನ್‌ನ ಗೆರೆಗಳು. ಎಲ್ಲವೂ ಇದ್ದು ರೂಪಾಂತರದ ಗೆರೆ ಇಲ್ಲದಿದ್ದರೆ ನಿರೋಧಕತೆ ಪತ್ತೆಯಾಗಿಲ್ಲ. ಸಹಜ ಗೆರೆಯೊಂದು ಮಾಯವಾಗಿ ಅದರ ಜಾಗಕ್ಕೆ ಸೇರಿದ ರೂಪಾಂತರದ ಗೆರೆ ಮೂಡಿದ್ದರೆ ನಿರೋಧಕ. ಸಹಜ ಗೆರೆ ಮಾಯವಾಗಿದ್ದು ರೂಪಾಂತರದ ಗೆರೆಯೂ ಇಲ್ಲದಿದ್ದರೆ ಪ್ರೋಬ್ ಇಲ್ಲದ ಯಾವುದೋ ಬದಲಾವಣೆ ಅಲ್ಲಿದೆ. ‘ನಿರೋಧಕತೆ ಊಹಿಸಲಾಗಿದೆ’ ಎಂದು ಬರೆದು ಸೀಕ್ವೆನ್ಸಿಂಗ್‌ಗೆ (ಜೀನ್‌ನ ಅಕ್ಷರಗಳನ್ನು ಒಂದೊಂದಾಗಿ ಓದುವುದಕ್ಕೆ) ಕಳುಹಿಸಿ. ಎರಡೂ ಗೆರೆ ಇದ್ದರೆ ಮಣಿಯುವ ಮತ್ತು ಮಣಿಯದ ರೋಗಾಣುಗಳು ಬೆರೆತಿವೆ, ಅದನ್ನೂ ನಿರೋಧಕವೆಂದೇ ತಿಳಿಯಬೇಕು.

ಐಸೋನಿಯಾಜಿಡ್ ವರದಿಯಲ್ಲಿ ‘ನಿರೋಧಕ’ ಎಂದಷ್ಟೇ ಬರೆದು ನಿಲ್ಲಿಸಬೇಡಿ, ಯಾವ ಜೀನ್ ಎಂದು ಬರೆಯಿರಿ. ಕ್ಯಾಟ್-ಜಿ ಜೀನ್‌ನ 315ನೆಯ ಸ್ಥಾನದ ಬದಲಾವಣೆ ಸಾಮಾನ್ಯವಾಗಿ ಹೆಚ್ಚಿನ ಮಟ್ಟದ ನಿರೋಧಕತೆ ತರುತ್ತದೆ. ಇನ್ಹ್-ಎ ಜೀನ್‌ನ ಪ್ರೊಮೋಟರ್‌ನಲ್ಲಿನ (ಜೀನನ್ನು ಚಾಲೂ ಮಾಡುವ ಭಾಗದಲ್ಲಿನ) ಬದಲಾವಣೆ ಹೆಚ್ಚಾಗಿ ಕೆಳಮಟ್ಟದ್ದು. ಹೆಚ್ಚಿನ ಪ್ರಮಾಣದ ಐಸೋನಿಯಾಜಿಡ್ ಅಲ್ಲಿ ಉಪಯೋಗಕ್ಕೆ ಬರಬಹುದು, ಆದರೆ ಇಥಿಯೋನಮೈಡ್ ಕೆಲಸ ಮಾಡುವುದಿಲ್ಲ. ವೈದ್ಯರು ಔಷಧ ಆರಿಸುವುದು ಈ ಒಂದು ಪದದ ಆಧಾರದ ಮೇಲೆ.

ಹೆಜ್ಜೆ 6: ಕಲ್ಚರ್

ಕ್ಷಯದ ರೋಗಾಣು ಒಮ್ಮೆ ವಿಭಜನೆಯಾಗಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುತ್ತದೆ. ಕಫದಲ್ಲಿರುವ ಇತರ ಬ್ಯಾಕ್ಟೀರಿಯಾಗಳು ಅಷ್ಟರಲ್ಲಿ ಟ್ಯೂಬನ್ನೇ ತುಂಬಿಬಿಡುತ್ತವೆ. ಹಾಗಾಗಿ ಅವುಗಳನ್ನು ಕೊಂದು ಕ್ಷಯದ ರೋಗಾಣುವನ್ನು ಉಳಿಸಿಕೊಳ್ಳಬೇಕು. ಕಫ ಕರಗಿಸುವ ಎನ್‌ಎಎಲ್‌ಸಿ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಮಿಶ್ರಣವನ್ನು ಕಫದಷ್ಟೇ ಪ್ರಮಾಣದಲ್ಲಿ ಸೇರಿಸಿ, 15ರಿಂದ 20 ನಿಮಿಷ ಬಿಟ್ಟು, 6.8 ಪಿಎಚ್‌ನ ಫಾಸ್ಫೇಟ್ ಬಫರ್ ತುಂಬಿ, 3,000 ಜಿ (ಗುರುತ್ವದ 3,000 ಪಟ್ಟು) ಬಲದಲ್ಲಿ 15ರಿಂದ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಎನ್‌ಎಎಲ್‌ಸಿಯನ್ನು ಆ ದಿನವೇ ಸೇರಿಸಿ, ನಿನ್ನೆ ಬೆರೆಸಿಟ್ಟದ್ದಕ್ಕೆ ಕಫ ಕರಗಿಸುವ ಶಕ್ತಿ ಇರುವುದಿಲ್ಲ. ಗಡಿಯಾರ ನೋಡಿಕೊಂಡೇ ಮಾಡಿ; ಹೆಚ್ಚು ಹೊತ್ತು ಬಿಟ್ಟರೆ ಕ್ಷಯದ ರೋಗಾಣುವೂ ಸಾಯುತ್ತದೆ.

ತಳದ ಗಸಿಯನ್ನು ಎಂಜಿಐಟಿ ದ್ರವ ಮಾಧ್ಯಮಕ್ಕೂ ಮೊಟ್ಟೆ ಆಧಾರಿತ ಎಲ್‌ಜೆ ಮಾಧ್ಯಮಕ್ಕೂ ಹಾಕಿ. ಎಂಜಿಐಟಿಯಲ್ಲಿ 42 ದಿನ, ಎಲ್‌ಜೆಯಲ್ಲಿ 8 ವಾರ ಕಾದ ಮೇಲೆಯೇ ನೆಗೆಟಿವ್ ಎನ್ನಬೇಕು. ಎಲ್‌ಜೆಯಲ್ಲಿ ಶೇಕಡ 3ರಿಂದ 5, ಎಂಜಿಐಟಿಯಲ್ಲಿ ಶೇಕಡ 8ರಿಂದ 10 ಟ್ಯೂಬ್‌ಗಳು ಬೇರೆ ಬ್ಯಾಕ್ಟೀರಿಯಾದಿಂದ ಕೆಡುವುದು ಸಹಜ. ಅದಕ್ಕಿಂತ ತೀರ ಕಡಿಮೆ ಇದ್ದರೆ ಹೆಮ್ಮೆಪಡುವ ಬದಲು ಮಿಶ್ರಣ ವಿಪರೀತ ಖಾರವಾಗಿದೆಯೇ ಎಂದು ಪರಿಶೀಲಿಸಿ.

ಬೆಳೆದದ್ದು ನಿಜವಾಗಿ ಕ್ಷಯದ್ದೇ ಎಂದು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಬ್ಲಡ್ ಅಗರ್‌ನಲ್ಲಿ ಬೇರೇನೂ ಬೆಳೆಯಬಾರದು, ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ) ಹಗ್ಗದಂತೆ ಹೆಣೆದ ಕೋಲುಗಳು ಕಾಣಬೇಕು, ಕ್ಷಯದ ರೋಗಾಣುವಿನ ಪ್ರೋಟೀನ್ ಗುರುತಿಸುವ ಎಂಪಿಟಿ64 ಆಂಟಿಜನ್ ಪಟ್ಟಿ ಪಾಸಿಟಿವ್ ಬರಬೇಕು. ಕ್ಷಯೇತರ ಮೈಕೋಬ್ಯಾಕ್ಟೀರಿಯಾಗಳಲ್ಲಿ ಹಲವು ಐಸೋನಿಯಾಜಿಡ್‌ನಂಥ ಕ್ಷಯದ ಔಷಧಗಳಿಗೆ ಸಹಜವಾಗಿಯೇ ಮಣಿಯುವುದಿಲ್ಲ. ಗುರುತಿಸದೆ ಔಷಧ ಪರೀಕ್ಷೆಗೆ ಹಾಕಿದರೆ ಇಲ್ಲದ ಎಂಡಿಆರ್ ಹುಟ್ಟಿಕೊಳ್ಳುತ್ತದೆ.

ಹೆಜ್ಜೆ 7: ಔಷಧದ ಎದುರು ಬೆಳೆಸಿ ನೋಡುವುದು

ಮೇಲಿನ ಆಣ್ವಿಕ ಪರೀಕ್ಷೆಗಳು ಜೀನ್ ಓದಿ ನಿರೋಧಕತೆಯನ್ನು ಅಂದಾಜಿಸಿದರೆ, ಇಲ್ಲಿ ರೋಗಾಣು ಔಷಧದ ಎದುರು ಬೆಳೆಯುತ್ತದೆಯೇ ಎಂದು ನೇರವಾಗಿ ನೋಡುತ್ತೇವೆ. ಪರೀಕ್ಷೆಯ ಆಧಾರ ಪ್ರಮಾಣ ವಿಧಾನ: ಒಟ್ಟು ರೋಗಾಣುಗಳಲ್ಲಿ ಶೇಕಡ 1ರಷ್ಟಾದರೂ ಔಷಧವಿದ್ದೂ ಬೆಳೆದರೆ ಆ ತಳಿ ನಿರೋಧಕ.

ಎಂಜಿಐಟಿ 960 ಯಂತ್ರದಲ್ಲಿ ಔಷಧವಿಲ್ಲದ ಕಂಟ್ರೋಲ್ ಟ್ಯೂಬ್‌ಗೆ ರೋಗಾಣುವನ್ನು ನೂರು ಪಟ್ಟು ತೆಳುಮಾಡಿ ಹಾಕುತ್ತೇವೆ. ಔಷಧದ ಟ್ಯೂಬ್‌ಗೆ ತೆಳುಮಾಡದೆ ಹಾಕುತ್ತೇವೆ. ಆ ಶೇಕಡ 1ರ ಗಡಿ ಬರುವುದು ಹೀಗೆ. ಕಂಟ್ರೋಲ್‌ನ ಬೆಳವಣಿಗೆ 400 ಘಟಕ ಮುಟ್ಟಿದಾಗ ಔಷಧದ ಟ್ಯೂಬ್ 100ಕ್ಕಿಂತ ಕಡಿಮೆ ಇದ್ದರೆ ಮಣಿಯುತ್ತದೆ, 100 ಅಥವಾ ಹೆಚ್ಚಿದ್ದರೆ ಮಣಿಯುವುದಿಲ್ಲ. ಕಂಟ್ರೋಲ್ 400 ಮುಟ್ಟುವುದು 4ರಿಂದ 13 ದಿನಗಳ ನಡುವೆ ಆಗಬೇಕು. ಅದಕ್ಕಿಂತ ಬೇಗ ಮುಟ್ಟಿದರೆ ಹಾಕಿದ ರೋಗಾಣು ಹೆಚ್ಚಾಗಿದೆ ಅಥವಾ ಟ್ಯೂಬ್ ಕೆಟ್ಟಿದೆ, ತಡವಾದರೆ ರೋಗಾಣು ಸಾಲದು. ಎರಡರಲ್ಲೂ ಪರೀಕ್ಷೆಯನ್ನು ಮತ್ತೆ ಹಚ್ಚಬೇಕು.

ಮಿಲಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಗಡಿ ಸಾಂದ್ರತೆಗಳು ಎಂಜಿಐಟಿಯಲ್ಲಿ ಹೀಗಿವೆ: ಐಸೋನಿಯಾಜಿಡ್ 0.1, ರಿಫಾಂಪಿಸಿನ್ 0.5, ಇಥಾಂಬುಟಾಲ್ 5, ಪೈರಾಜಿನಮೈಡ್ 100, ಲೆವೊಫ್ಲಾಕ್ಸಸಿನ್ 1, ಬೆಡಾಕ್ವಿಲಿನ್ 1, ಲೈನೆಝೋಲಿಡ್ 1. ರಿಫಾಂಪಿಸಿನ್ ಗಡಿ 2021ರವರೆಗೆ 1.0 ಇತ್ತು. ಅಷ್ಟು ಎತ್ತರದ ಗಡಿಯಲ್ಲಿ ಕೆಲವು ತಳಿಗಳು ‘ಮಣಿಯುತ್ತದೆ’ ಎಂದು ತೇರ್ಗಡೆಯಾಗಿ ರೋಗಿಯಲ್ಲಿ ಮಾತ್ರ ಚಿಕಿತ್ಸೆ ಸೋಲುತ್ತಿತ್ತು, ಆದ್ದರಿಂದ ಅರ್ಧಕ್ಕೆ ಇಳಿಸಿದರು. ನಿಮ್ಮ ಲ್ಯಾಬ್‌ನ ಕೈಪಿಡಿಯಲ್ಲಿ ಇನ್ನೂ 1.0 ಎಂದಿದ್ದರೆ ಇಂದೇ ತಿದ್ದಿಸಿ.

ಔಷಧದ ಶುದ್ಧ ಪುಡಿಯನ್ನೇ ಬಳಸಿ, ಅಂಗಡಿಯ ಮಾತ್ರೆಯನ್ನು ಅರೆದು ಹಾಕಬೇಡಿ. ಪುಡಿಯ ಶಕ್ತಿ ನೂರಕ್ಕೆ ನೂರು ಇರುವುದಿಲ್ಲ, ಲೇಬಲ್ ನೋಡಿ ತೂಕ ಸರಿಹೊಂದಿಸಿ. ಪ್ರತಿ ಬ್ಯಾಚ್‌ನ ಜೊತೆ ಎಲ್ಲ ಔಷಧಗಳಿಗೂ ಮಣಿಯುವ ಎಚ್37ಆರ್‌ವಿ ತಳಿಯನ್ನು ನಡೆಸಿ. ಅದು ‘ನಿರೋಧಕ’ ಎಂದರೆ ನಿಮ್ಮ ಔಷಧ ಸತ್ತಿದೆ.

ಪೈರಾಜಿನಮೈಡ್ ಕಷ್ಟದ ಔಷಧ. ಅದು ಆಮ್ಲೀಯ ಮಾಧ್ಯಮದಲ್ಲಿ, 5.9 ಪಿಎಚ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ರೋಗಾಣು ಸ್ವಲ್ಪ ಹೆಚ್ಚಾದರೂ ಮಾಧ್ಯಮದ ಆಮ್ಲೀಯತೆ ಇಳಿದು ಇಲ್ಲದ ನಿರೋಧಕತೆ ಕಾಣಿಸುತ್ತದೆ. ಇಲ್ಲಿ ‘ನಿರೋಧಕ’ ಎಂದು ಬಂದರೆ ಪುನಃ ಮಾಡಿ ಅಥವಾ ಈ ಔಷಧದ ನಿರೋಧಕತೆಗೆ ಸಂಬಂಧಿಸಿದ ಪಿಎನ್‌ಸಿ-ಎ ಜೀನ್ ಓದಿಸಿ.

ಹೆಜ್ಜೆ 8: ಎರಡು ವರದಿಗಳು ಜಗಳವಾಡಿದಾಗ

ಎಕ್ಸ್‌ಪರ್ಟ್ ನಿರೋಧಕ ಎನ್ನುತ್ತದೆ, ಎಂಜಿಐಟಿ ಮಣಿಯುತ್ತದೆ ಎನ್ನುತ್ತದೆ. ಕಲ್ಚರ್ ಹೇಳಿದ್ದೇ ಕೊನೆಯ ಮಾತು ಎಂದು ನಂಬಿ ಆಣ್ವಿಕ ಫಲಿತಾಂಶವನ್ನು ಹೊಡೆದುಹಾಕುವ ಅಭ್ಯಾಸ ಬಹಳ ಕಾಲ ಇತ್ತು. ಅದನ್ನು ಬಿಡಬೇಕು. ಆರ್‌ಪಿಒ-ಬಿಯ ಕೆಲವು ರೂಪಾಂತರಗಳು ರೋಗಾಣುವಿನ ಬೆಳವಣಿಗೆಯನ್ನು ನಿಧಾನಗೊಳಿಸುತ್ತವೆ, ಹಾಗಾಗಿ ಎಂಜಿಐಟಿಯ ಗಡುವಿನೊಳಗೆ ಅವು 100 ಘಟಕ ಮುಟ್ಟುವುದಿಲ್ಲ. ರೋಗಿಯ ಮಟ್ಟಿಗೆ ಅವು ನಿರೋಧಕವೇ. ಮೊದಲು ಗುರುತು ಸಂಖ್ಯೆ ಅದಲುಬದಲಾಗಿಲ್ಲವೆಂದು ಖಚಿತಪಡಿಸಿ, ಆಮೇಲೆ ಜೀನ್ ಸೀಕ್ವೆನ್ಸ್ ಮಾಡಿಸಿ. ನಿರೋಧಕತೆಯನ್ನು ತರದ ಮೂಕ ರೂಪಾಂತರ ಸಿಕ್ಕರೆ ಮಾತ್ರ ಎಕ್ಸ್‌ಪರ್ಟ್ ತಪ್ಪಿದೆ ಎನ್ನಬಹುದು.

ಇದಕ್ಕೆ ವಿರುದ್ಧವಾದದ್ದೂ ಉಂಟು. ಆರ್‌ಪಿಒ-ಬಿಯ 491ನೆಯ ಸ್ಥಾನದ ಒಂದು ರೂಪಾಂತರ ಆ 81 ಅಕ್ಷರಗಳ ಹೊರಗಿದೆ, ಎಕ್ಸ್‌ಪರ್ಟ್ ಅದನ್ನು ನೋಡುವುದೇ ಇಲ್ಲ. ಆಫ್ರಿಕಾದ ಎಸ್ವಾಟಿನಿಯಲ್ಲಿ 2009ರ ಸಮೀಕ್ಷೆಯ ಎಂಡಿಆರ್ ತಳಿಗಳಲ್ಲಿ ಸುಮಾರು ಶೇಕಡ 30 ಇದೇ ರೂಪಾಂತರವನ್ನು ಹೊತ್ತಿದ್ದವು. ಚಿಕಿತ್ಸೆಗೆ ಸ್ಪಂದಿಸದ ರೋಗಿಯ ಎಕ್ಸ್‌ಪರ್ಟ್ ವರದಿ ಎಷ್ಟೇ ನಿರಾಳವಾಗಿದ್ದರೂ ಕಲ್ಚರ್ ಆಧಾರಿತ ಪರೀಕ್ಷೆ ಮಾಡಿಸಬೇಕಾದದ್ದು ಇದಕ್ಕೇ.

ಬೆಡಾಕ್ವಿಲಿನ್‌ನದು ಇನ್ನೊಂದು ತೊಡಕು. ಅದರ ನಿರೋಧಕತೆಯ ಬದಲಾವಣೆಗಳು ಹೆಚ್ಚಾಗಿ ಆರ್‌ವಿ 0678 ಎಂಬ ಜೀನ್‌ನ ಉದ್ದಗಲಕ್ಕೂ ಚದುರಿವೆ, ಒಂದೆರಡು ಪ್ರೋಬ್‌ಗಳಿಂದ ಹಿಡಿಯಲಾಗದು. ಅದೇ ಬದಲಾವಣೆಗಳು ಕ್ಲೋಫಜಿಮೈನ್ ಎಂಬ ಇನ್ನೊಂದು ಔಷಧವನ್ನೂ ದುರ್ಬಲಗೊಳಿಸುತ್ತವೆ. ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ಸೀಕ್ವೆನ್ಸಿಂಗ್ ಇಲ್ಲಿ ನೆರವಾಗುತ್ತದೆ. ಯಾವ ರೂಪಾಂತರಕ್ಕೆ ಏನು ಅರ್ಥ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ 2021ರಲ್ಲಿ ಬಂತು, 2023ರಲ್ಲಿ ಪರಿಷ್ಕರಣೆಯಾಯಿತು. ಆ ಪಟ್ಟಿಯಲ್ಲಿ ‘ಅನಿಶ್ಚಿತ’ ಎಂದಿರುವ ಬದಲಾವಣೆ ಸಿಕ್ಕರೆ ಔಷಧದ ಎದುರು ಬೆಳೆಸಿ ನೋಡುವುದೇ ದಾರಿ.

ಹೆಜ್ಜೆ 9: ವರದಿ ಮತ್ತು ಅನಂತರ

ವರದಿಯಲ್ಲಿ ಪರೀಕ್ಷೆಯ ಹೆಸರು, ಮಾದರಿ ಪಡೆದ ದಿನಾಂಕ, ಯಾವ ಔಷಧಗಳನ್ನು ಪರೀಕ್ಷಿಸಲಾಗಿದೆ, ಯಾವುದನ್ನು ಪರೀಕ್ಷಿಸಿಲ್ಲ, ಇಷ್ಟೂ ಸ್ಪಷ್ಟವಾಗಿರಲಿ. ಪರೀಕ್ಷಿಸದ ಔಷಧದ ಎದುರಿನ ಜಾಗವನ್ನು ಖಾಲಿ ಬಿಡದೆ ‘ಪರೀಕ್ಷಿಸಿಲ್ಲ’ ಎಂದೇ ಬರೆಯಿರಿ. ನಿರೋಧಕತೆ ಕಂಡ ದಿನವೇ ವೈದ್ಯರಿಗೆ ಫೋನ್ ಮಾಡಿ. ಎರಡು ಗಂಟೆಯಲ್ಲಿ ಸಿಕ್ಕ ಫಲಿತಾಂಶ ಎರಡು ವಾರ ಕಡತದಲ್ಲಿ ಕುಳಿತರೆ ತ್ವರಿತ ಪರೀಕ್ಷೆ ಮಾಡಿ ಏನು ಬಂತು?

ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಎಕ್ಸ್‌ಪರ್ಟ್ ಬಳಸಬೇಡಿ. ಸತ್ತ ರೋಗಾಣುವಿನ ಡಿಎನ್‌ಎ ತಿಂಗಳುಗಟ್ಟಲೆ ಉಳಿದು ಪಾಸಿಟಿವ್ ತೋರಿಸುತ್ತಿರುತ್ತದೆ. ಅದಕ್ಕೆ ಸ್ಮಿಯರ್ ಮತ್ತು ಕಲ್ಚರ್ ಬೇಕು. ಎಂಡಿಆರ್ ರೋಗಿಗಳಲ್ಲಿ ಪ್ರತಿ ತಿಂಗಳೂ ಕಲ್ಚರ್. ಎರಡನೆಯ ತಿಂಗಳ ಕೊನೆಯಲ್ಲೂ ಸ್ಮಿಯರ್ ಪಾಸಿಟಿವ್ ಇದ್ದರೆ, ಅಥವಾ ನೆಗೆಟಿವ್ ಆಗಿದ್ದದ್ದು ಮತ್ತೆ ಪಾಸಿಟಿವ್ ಆದರೆ, ಹೊಸ ಮಾದರಿಯ ಮೇಲೆ ನಿರೋಧಕತೆಯ ಪರೀಕ್ಷೆಯನ್ನು ಮೊದಲಿನಿಂದ ಮಾಡಿ, ಹಳೆಯ ವರದಿಯನ್ನು ನೆಚ್ಚಬೇಡಿ. ಆರಂಭದಲ್ಲಿ ಬೆಳೆದ ತಳಿಯನ್ನು ಗ್ಲಿಸರಾಲ್‌ನಲ್ಲಿ, ಮೈನಸ್ 80 ಡಿಗ್ರಿಯಲ್ಲಿ ಕಾಪಿಟ್ಟಿದ್ದರೆ, ಎರಡನ್ನೂ ಪಕ್ಕಪಕ್ಕದಲ್ಲಿ ಸೀಕ್ವೆನ್ಸ್ ಮಾಡಿ ಹಳೆಯ ತಳಿಯೇ ನಿರೋಧಕವಾಯಿತೋ, ಹೊರಗಿನಿಂದ ಹೊಸ ತಳಿ ಸೋಂಕಿತೋ ಎಂಬುದನ್ನು ತಿಳಿಯಬಹುದು.